ಅವಳು ಮಾಡಿದ್ದು, ಅವನು ಹೇಳಿದ್ದು

ಮೈಕಿನ ಮುಂದೆ ನಿಂತು ಬಾಯಿ ತೆರೆಯುವವರೆಗೂ ಲಾಂಡ್ರಿಯವನಿಗೆ ಸುಳ್ಳು ಹೇಳುವ ಇರಾದೆ ಇರಲಿಲ್ಲ.

ಆ ಭಾನುವಾರ ಪಾಸ್ಟರು ಯೇಸು ತನ್ನ ಶಿಷ್ಯರ ಕಾಲು ತೊಳೆದ ಪ್ರಸಂಗದ ಮೇಲೆ ಮಾತಾಡಿದ್ದರು. ಮಾತು ಮುಗಿಸಿ ಕನ್ನಡಕ ಒರೆಸಿಕೊಳ್ಳುತ್ತ, "ಹೀಗೆ ತಗ್ಗಿ ಸೇವೆ ಮಾಡೋರು ನಮ್ಮ ಸಭೆಯಲ್ಲೂ ಇದ್ದಾರೆ. ಬಂದು ನಾಲ್ಕು ಮಾತು ಸಾಕ್ಷಿ ಹೇಳಿ, ಉಳಿದೋರಿಗೂ ಬುದ್ಧಿ ಬರಲಿ" ಎಂದು ಅವನ ಕಡೆಗೇ ನೋಡಿದರು. ಅವನ ತಂದೆಗೆ ಲಕ್ವ ಹೊಡೆದು, ಹಾಸಿಗೆ ಹಿಡಿದು ವರ್ಷ ದಾಟಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಸಭೆ ಕೂತಿದ್ದ ಬೆಂಚುಗಳೆಲ್ಲ ಆ ಮುದುಕನ ಕೈಕೆಲಸ. ಮೈಯಲ್ಲಿ ಬಲವಿದ್ದಾಗ ಅವನು ಬಡಗಿ. ಮಗ ಮಾರುಕಟ್ಟೆ ಬೀದಿಯಲ್ಲಿ ಲಾಂಡ್ರಿ ಇಟ್ಟುಕೊಂಡು, ಭಾನುವಾರ ಬಾಗಿಲಲ್ಲಿ ನಿಂತು ಬಂದವರ ಕೈ ಕುಲುಕುತ್ತಿದ್ದ. ಸಭಾ ಹಿರಿಯರಲ್ಲಿ ಒಂದು ಜಾಗ ಖಾಲಿಯಾಗಿತ್ತು, ಅದು ಇವನಿಗೇ ಎಂಬ ಮಾತು ಅಲ್ಲಲ್ಲಿ ಓಡಾಡುತ್ತಿತ್ತು.

"ನಮ್ಮ ತಂದೆಯವರನ್ನ ನಾವು ನೋಡ್ಕೊಳ್ತಿದೀವಿ" ಎಂದು ಶುರು ಮಾಡಿದ. "ದಿನಾ ಬೆಳಿಗ್ಗೆ ನೀರು ಕಾಯಿಸಿ, ಮೈ ಒರೆಸಿ, ಕಾಲು ತೊಳೀತೀವಿ."

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆದರೆ ಮುಂದಿನ ಬೆಂಚಿನಲ್ಲಿದ್ದ ಹಾರ್ಮೋನಿಯಂ ಅಜ್ಜಿ, ಅಂದರೆ ಹಾಡುಗಳಿಗೆಲ್ಲ ಹಾರ್ಮೋನಿಯಂ ನುಡಿಸುವ ಮುದುಕಿ, ಕಣ್ಣಲ್ಲಿ ನೀರು ತುಂಬಿಕೊಂಡು ಅವನನ್ನೇ ನೋಡುತ್ತ ತಲೆಯಾಡಿಸಿದಳು. ಅಷ್ಟು ಸಾಕಾಯಿತು. 'ನಾವು' ಅಂದದ್ದು ಯಾವಾಗ 'ನಾನು' ಆಯಿತೋ ಅವನಿಗೇ ತಿಳಿಯಲಿಲ್ಲ.

"ಮೊದಮೊದಲು ನನಗೆ ಅಸಹ್ಯ ಆಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ? ಒಂದು ದಿನ ಅಪ್ಪನ ಕಾಲನ್ನ ಮಡಿಲಲ್ಲಿ ಇಟ್ಕೊಂಡೆ. ಬಿಳೀ ಟವೆಲ್ಲಲ್ಲಿ ಬೆರಳ ಸಂದಿ ಸಂದಿಯೂ ಒರೆಸಿದೆ. ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿದೆ. ಆವಾಗ ಕರ್ತನು ನನ್ನ ಪಕ್ಕದಲ್ಲೇ ಮಂಡಿಯೂರಿ ಕೂತ ಹಾಗಾಯ್ತು..."

ಅವನು ಕಣ್ಣೊರೆಸಿಕೊಂಡ. ಅದು ನಾಟಕವಾಗಿರಲಿಲ್ಲ, ನಿಜವಾಗಿಯೇ ಕಣ್ಣು ತುಂಬಿತ್ತು. ಸಭೆಯಲ್ಲಿ ಅಲ್ಲಲ್ಲಿ ಮೂಗು ಸೀಟುವ ಸದ್ದು. ಪಾಸ್ಟರು ಬಂದು ಎಲ್ಲರೆದುರು ಅಪ್ಪಿಕೊಂಡರು. ಅವರ ಭುಜದ ಮೇಲಿಂದ ಅವನಿಗೆ ಕಿಟಕಿ ಪಕ್ಕದ ಬೆಂಚು ಕಾಣಿಸಿತು. ಪಕ್ಕದ ಮನೆಯ ನರ್ಸಿಗೆ ರಜೆಯಿದ್ದು, ಅವಳು ಮುದುಕನ ಹತ್ತಿರ ಕೂತಿದ್ದರಿಂದ, ಅಪರೂಪಕ್ಕೆ ಹೆಂಡತಿ ಮಗಳು ಇಬ್ಬರೂ ಆವತ್ತು ಬಂದಿದ್ದರು. ಮಗಳು ಅವನನ್ನು ಯಾರೋ ಗುರುತಿಲ್ಲದವನನ್ನು ನೋಡುವ ಹಾಗೆ ನೋಡುತ್ತಿದ್ದಳು. ಹೆಂಡತಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಸೋಪು, ಫಿನಾಯಿಲು ಎಂದು ದಿನವಿಡೀ ನೆನೆದು ಆ ಕೈಗಳು ಬಿರುಕು ಬಿಟ್ಟಿದ್ದವು.

ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಮಗಳು ಬಾಯಿಬಿಟ್ಟಳು.

"ಅಪ್ಪ, ಆ ಬಿಳೀ ಟವೆಲ್ ಎಲ್ಲಿದೆ?"

"ಯಾವ ಟವೆಲ್ಲು?"

"ತಾತನ ಕಾಲು ಒರೆಸಿದ್ದು. ನಮ್ಮನೇಲಿ ತಾತನಿಗೆ ಅಂತ ಇರೋದು ನನ್ನ ಹಳೇ ಸ್ಕೂಲ್ ಫ್ರಾಕು ಹರಿದು ಮಾಡಿದ ಬಟ್ಟೆ. ಅದು ನೀಲಿ."

"ಪುಟ್ಟೀ, ಸುಮ್ನಿರು" ಎಂದಳು ತಾಯಿ. ಅವಳಿಗೆ ಪುಟ್ಟಿ ಎಂದು ಕರೆಯುವ ವಯಸ್ಸು ಯಾವಾಗಲೋ ಮುಗಿದಿತ್ತು, ಕಾಲೇಜಿಗೆ ಹೋಗುತ್ತಿದ್ದಳು. ಆದರೆ ಮನೆಯಲ್ಲಿ ಆ ಹೆಸರೇ ಉಳಿದುಕೊಂಡಿತ್ತು.

ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. "ಮಾತಿನ ಭರದಲ್ಲಿ ಬಂದ್ಬಿಡ್ತು ಕಣೇ. ಗಂಡ ಹೆಂಡತಿ ಅಂದ್ಮೇಲೆ ನೀನು ಮಾಡಿದ್ರೇನು, ನಾನು ಮಾಡಿದ್ರೇನು?"

"ಹೌದಾ? ಹಾಗಾದ್ರೆ ನಾಳೆಯಿಂದ ನೀವೇ ಮಾಡಿ."

"ಅಂಗಡಿ ಯಾರು ತೆಗೀತಾರೆ?"

ಅವಳು ಅವನ ತಟ್ಟೆಗೆ ಆಲೂಗಡ್ಡೆ ಬಡಿಸುತ್ತ ಹೇಳಿದಳು: "ನೋಡಿ, ನಾನು ಮಾವನ ಕಾಲು ತೊಳೆಯೋದು ಯಾರಾದ್ರೂ ಹೊಗಳ್ಲಿ ಅಂತಲ್ಲ. ಇಷ್ಟು ದಿನ ಯಾರ ಹತ್ರನೂ ಹೇಳ್ಕೊಂಡಿಲ್ಲ. ಹೇಳ್ಕೊಳ್ಳಲ್ಲ ಅಂದ್ರೆ ಯಾರು ಬೇಕಾದ್ರೂ ಎತ್ಕೊಂಡು ಹೋಗ್ಲಿ ಅಂತ ಬೀದೀಲಿ ಇಟ್ಟಿದೀನಿ ಅಂತಲ್ಲ."

ಅವನು ತಲೆಯೆತ್ತದೆ ಊಟ ಮುಗಿಸಿದ. ನಾಲ್ಕು ದಿನ ಮುಖ ಊದಿಸಿಕೊಂಡಿರುತ್ತಾಳೆ, ಆಮೇಲೆ ಸರಿಹೋಗುತ್ತದೆ ಎಂದುಕೊಂಡ.

ಆದರೆ ಅದು ಮನೆಯೊಳಗೇ ಉಳಿಯಲಿಲ್ಲ. ಸೋಮವಾರ ಅಂಗಡಿ ತೆಗೆಯುತ್ತಿದ್ದ ಹಾಗೇ ಸಭೆಯವರೊಬ್ಬರು ಕೋಟು ಕೊಡಲು ಬಂದು, ಕೋಟು ಮರೆತು, ಅವನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಮಾತು ಕೇಳಿ ನಾನು ಊರಲ್ಲಿರೋ ನಮ್ಮಮ್ಮನಿಗೆ ಫೋನ್ ಮಾಡ್ದೆ" ಎಂದರು. ಅವನು "ಎಲ್ಲ ದೇವರ ಕೃಪೆ" ಎಂದು ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿದ. ಮೊದಲೆರಡು ದಿನ ಹೊಗಳಿಕೆ ಬಿಸಿ ಚಹಾದ ಹಾಗೆ ಒಳಗಿಳಿಯಿತು. ಮೂರನೆಯ ದಿನದಿಂದ ಸಭೆಯವರು ಬೀದಿಯ ಆ ತುದಿಯಲ್ಲಿ ಕಾಣಿಸಿದರೆ ಸಾಕು, ಅವನು ಹಿಂದಿನ ಕೋಣೆಗೆ ನುಗ್ಗಿ, ತುಂಬಿದ ಮೆಷಿನ್ನನ್ನೇ ಮತ್ತೆ ತೆರೆದು ನೋಡುತ್ತ ನಿಲ್ಲುತ್ತಿದ್ದ.

ವಾರದ ಕೊನೆಗೆ ಹಾರ್ಮೋನಿಯಂ ಅಜ್ಜಿ ಬಾಳೆಹಣ್ಣು ಹಿಡಿದುಕೊಂಡು ಮನೆಗೇ ಬಂದಳು. ಊಟಕ್ಕೆಂದು ಬಂದಿದ್ದ ಅವನು ಕೈ ತೊಳೆಯುತ್ತ ಬಚ್ಚಲಿನಿಂದಲೇ ಎಲ್ಲ ಕೇಳಿಸಿಕೊಂಡ.

"ನಿನ್ನಂಥ ಅದೃಷ್ಟ ಯಾರಿಗುಂಟು ತಾಯಿ! ನಮ್ಮ ಮನೆಯವ್ರು ತಮ್ಮ ಕಾಲು ತಾವೇ ತೊಳ್ಕೊಂಡೋರಲ್ಲ" ಎಂದು ಅಜ್ಜಿ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡ. ನೀನೂ ಸ್ವಲ್ಪ ಕೈ ಜೋಡಿಸಮ್ಮ. ಗಂಡಸು, ಒಬ್ಬನೇ ಎಷ್ಟೂಂತ ಮಾಡ್ತಾನೆ? ಮಾವ ಅಂದ್ರೆ ತಂದೆ ಇದ್ದ ಹಾಗೆ. ಅಸಹ್ಯ ಪಟ್ಕೋಬಾರ್ದು" ಎಂದಳು.

ಹೆಂಡತಿ ಏನಾದರೂ ಹೇಳುತ್ತಾಳೆ ಎಂದು ಅವನು ನಲ್ಲಿ ನಿಲ್ಲಿಸಿ ಕಾದ.

"ಆಯ್ತಜ್ಜಿ" ಎಂದಳು ಅವಳು. "ಚಹಾ ಕುಡೀತೀರಾ?"

ಅವನು ಮತ್ತೆ ನಲ್ಲಿ ತಿರುಗಿಸಿ, ತೊಳೆದ ಕೈಯನ್ನೇ ತೊಳೆಯುತ್ತ ನಿಂತ. ಹೊರಗೆ ಬಂದು 'ಇಲ್ಲಜ್ಜಿ, ಮಾಡೋಳು ಇವಳೇ' ಎನ್ನಲು ಎಷ್ಟು ಹೊತ್ತು ಬೇಕು? ಅಜ್ಜಿ ಚಹಾ ಕುಡಿದು, ಪ್ರಾರ್ಥನೆ ಮಾಡಿ, ಬಾಗಿಲು ದಾಟುವವರೆಗೂ ಅವನು ಬಚ್ಚಲಿನಿಂದ ಬರಲಿಲ್ಲ.

ಮುಂದಿನ ವಾರ ಅವನ ಅಕ್ಕ ಬಂದಳು. ಬಸ್ಸಿನಲ್ಲಿ ಅರ್ಧ ದಿನದ ದಾರಿ, ಸುಮ್ಮಸುಮ್ಮನೆ ಬರುವವಳಲ್ಲ. ಅವಳ ಕಿವಿಗೂ ಸುದ್ದಿ ಬಿದ್ದಿತ್ತು. ಅಪ್ಪನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಹೊರಬಂದು, ಊಟದ ಮೇಜಿನ ಮುಂದೆ ಕೂತಳು.

"ಮುಚ್ಚುಮರೆ ಇಲ್ದೆ ಹೇಳ್ತೀನಮ್ಮ" ಎಂದು ಗಂಡನ ಅಕ್ಕನಿಗಿರುವ ಗತ್ತಿನಲ್ಲೇ ಶುರುಮಾಡಿದಳು. "ನನ್ನ ತಮ್ಮ ದಿನವಿಡೀ ಇಸ್ತ್ರಿ ಶಾಖದಲ್ಲಿ ಬೇಯ್ತಾನೆ. ಮನೆಗೆ ಬಂದು ಅಪ್ಪನ ಗಲೀಜೂ ಅವನೇ ಬಳೀಬೇಕಾ? ನೀನು ಮನೇಲಿರೋದು ಯಾಕೆ? ಜನ ಏನಂದ್ಕೊಳ್ತಾರೆ?"

"ಅತ್ತೆ, ನಿಮಗೆ ಗೊತ್ತಿಲ್ದೆ—" ಎಂದು ಮಗಳು ಎದ್ದೇ ನಿಂತಳು.

"ಪುಟ್ಟೀ, ಅತ್ತೆಗೆ ಸೂಪು ಹಾಕು" ಎಂದಳು ತಾಯಿ. ಹೇಳಿ, ಗಂಡನ ಕಡೆ ನೋಡಿದಳು. ಬೈಗುಳ ಕೇಳಿದ್ದಕ್ಕೆ ಅವಳ ಮುಖ ಕೆಂಪಾಗಿತ್ತು, ಆದರೆ ನೋಟದಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿದ್ದಳು, ಅಷ್ಟೇ. ಮಗಳೂ ಕಾಯುತ್ತಿದ್ದಳು.

ಅವನು ಬ್ರೆಡ್ಡು ಮುರಿದು ಸೂಪಿನಲ್ಲಿ ಅದ್ದಿದ. "ಹೋಗ್ಲಿ ಬಿಡಕ್ಕ" ಎಂದ. "ಅವಳೂ ಮಾಡ್ತಾಳೆ."

ಚಮಚ ಹಿಡಿದ ಹೆಂಡತಿಯ ಕೈ ಅಲ್ಲೇ ನಿಂತಿತು. ಅವಳೂ! ದೊಡ್ಡ ಮನಸ್ಸು ಮಾಡಿ ಹೆಂಡತಿಯ ಸೋಮಾರಿತನ ಮನ್ನಿಸಿದವನ ಹಾಗೆ ಆಡಿಬಿಟ್ಟಿದ್ದ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೂ ಅವನು ಅಗಿಯುತ್ತಲೇ ಇದ್ದ.

ಆಗ ಒಳಗಿನಿಂದ ಮುದುಕ ಕೂಗಿದ. ಲಕ್ವ ಅವನ ನಾಲಿಗೆಯನ್ನು ಅರ್ಧ ಎಳೆದುಬಿಟ್ಟಿತ್ತು. ಮಾತು ತೊದಲಿ ತೊದಲಿ, ಗೊರಗೊರ ಬರುತ್ತಿತ್ತು. ಸೊಸೆ, ಮೊಮ್ಮಗಳನ್ನು ಬಿಟ್ಟರೆ ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ.

"ಏನಂತಾರೆ ಅಪ್ಪ?" ಎಂದಳು ಅಕ್ಕ.

ಹೆಂಡತಿ ಕಿವಿಗೊಟ್ಟು ಕೇಳಿದಳು. "ನೀರು ಬೇಕಂತೆ" ಎಂದು ಎದ್ದು ಹೋದಳು.

ಸಂಜೆ ಅಕ್ಕನನ್ನು ಬಸ್ಸು ಹತ್ತಿಸಿ ಬಂದಾಗ ಮಗಳು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಮುದುಕನ ಚಾದರಗಳು. ಅವುಗಳನ್ನು ಅವಳ ತಾಯಿ ಕೈಯಲ್ಲೇ ಒಗೆಯುತ್ತಿದ್ದಳು. ಊರಿನವರ ಬಟ್ಟೆಯೆಲ್ಲ ತಿರುಗುವ ಮೆಷಿನ್ನುಗಳು ಅಂಗಡಿಯಲ್ಲಿದ್ದರೂ, ಗಿರಾಕಿಗಳ ಬಟ್ಟೆಗೆ ವಾಸನೆ ಹತ್ತೀತು, ಅಲ್ಲಿಗೆ ಮಾತ್ರ ತರಬೇಡ ಎಂದು ಅವನೇ ಹೇಳಿದ್ದ.

"ತಾತ ನೀರು ಕೇಳ್ಲಿಲ್ಲ" ಎಂದಳು ಮಗಳು, ಅವನ ಕಡೆ ತಿರುಗದೆ.

"ಮತ್ತೆ?"

"'ಅವನಿಗೆ ಬಾಯಿಲ್ವಾ' ಅಂತ ಕೇಳಿದ್ರು."

ಮರುದಿನ ಬೆಳಿಗ್ಗೆ ಅವನು ಅಂಗಡಿಗೆ ಹೊರಡಲಿಲ್ಲ. ತೋಳು ಮಡಚಿಕೊಂಡು ಅಡುಗೆಮನೆಗೆ ಬಂದು, "ಇವತ್ತು ಅಪ್ಪನ್ನ ನಾನು ನೋಡ್ಕೊಳ್ತೀನಿ" ಎಂದ. ಹೆಂಡತಿ ಬೋಗುಣಿ, ಬಟ್ಟೆ, ಸೋಪು ಎಲ್ಲ ಅವನ ಕೈಗಿಟ್ಟಳು. ಹೇಳಿದ ಸುಳ್ಳನ್ನು ಇನ್ನು ಮೇಲೆ ನಿಜ ಮಾಡಿಬಿಟ್ಟರಾಯಿತು ಎಂದು ಅವನ ಲೆಕ್ಕಾಚಾರ.

ಹೊದಿಕೆ ಸರಿಸಿದ ಕೂಡಲೇ ವಾಸನೆ ಮುಖಕ್ಕೆ ಬಡಿಯಿತು. ಅಪ್ಪನನ್ನು ಯಾವ ಕಡೆಗೆ ಹೊರಳಿಸಬೇಕು, ಕೈ ಎಲ್ಲಿ ಹಾಕಬೇಕು ಒಂದೂ ತಿಳಿಯಲಿಲ್ಲ. ಬಲಹೀನವಾದ ಭುಜ ಹಿಡಿದೆಳೆದ. ಮುದುಕ ನೋವಿನಿಂದ ಮುಲುಗಿದ. ಬಟ್ಟೆ ಅದ್ದಿ ಬೆನ್ನಿಗಿಟ್ಟರೆ ಮೈಯೆಲ್ಲ ಬೆಚ್ಚಿತು, ನೀರು ಅಷ್ಟು ಸುಡುತ್ತಿತ್ತು. ತಣ್ಣೀರು ಬೆರೆಸಲು ಹೋಗಿ ಅರ್ಧ ನೀರು ಹಾಸಿಗೆಗೇ ಚೆಲ್ಲಿದ. ಒದ್ದೆಯಾದ ಚಾದರ ಸುತ್ತಿ ಎಳೆಯುವಾಗ ಅದರಲ್ಲಿದ್ದದ್ದು ಅವನ ಮಣಿಕಟ್ಟಿಗೆ ತಾಗಿತು. ಬಾಯಿಗೆ ತೋಳು ಒತ್ತಿಕೊಂಡು ಕಿಟಕಿಗೆ ಓಡಿದ.

ತಿರುಗಿ ನೋಡಿದರೆ ಅಪ್ಪ ಗೋಡೆಯ ಕಡೆ ಮುಖ ಮಾಡಿದ್ದ. ಆಡುವ ಒಂದು ಕೈಯಿಂದ ಹೊದಿಕೆಯನ್ನು ಸೊಂಟದ ಮೇಲೆ ಎಳೆದುಕೊಳ್ಳಲು ತಡಕಾಡುತ್ತಿದ್ದ.

"ಬೇಡ" ಎಂದ. ಆ ಮಾತು ಮಾತ್ರ ಸ್ಪಷ್ಟವಾಗಿ ಬಂತು. "ಬೇಡ."

ಹೆಂಡತಿ ಬಂದಳು. "ಸರೀರಿ" ಎಂದು ಅವನನ್ನು ಬದಿಗೆ ಸರಿಸಿ, ನೀರು ಚೆಲ್ಲಿ ಬೇರೆ ತಂದು, ಮುದುಕನ ಬೆನ್ನ ಕೆಳಗೆ ಕೈ ಕೊಟ್ಟು ಹೂವಿನ ಹಾಗೆ ಹೊರಳಿಸಿದಳು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಹರಟುತ್ತಿತ್ತು.

"ಏನ್ಮಾವ, ನೀರು ಸುಡ್ತಾ? ಹೊಸ ಆಳು, ಕೆಲಸ ಗೊತ್ತಿಲ್ಲ. ಸಂಬಳ ಹಿಡ್ಕೊಳ್ಳೋಣ್ವಾ?"

ಮುದುಕ ನಕ್ಕ. ಒಂದು ಕಡೆ ಮಾತ್ರ ತೆರೆಯುವ ತುಟಿಯಿಂದ ಹುಹುಹು ಎಂದು ಉಸಿರು ಹೊರಬಂತು. ಕಾಯಿಲೆ ಬಿದ್ದ ಮೇಲೆ ಅಪ್ಪ ನಗುತ್ತಾನೆ ಎಂಬುದೇ ಮಗನಿಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ, ಅವನು ಚಹಾ ಹಿಡಿದು ಬಾಗಿಲ ಸಂದಿಯಿಂದ ಒಂದು ಕ್ಷಣ ಇಣುಕಿ ಅಂಗಡಿಗೆ ಹೋದ ಮೇಲೆ, ಈ ಕೋಣೆಯಲ್ಲಿ ಇವರಿಬ್ಬರೂ ಹೀಗೆ ನಗುತ್ತಿದ್ದರೇನೋ.

ಅವನು ನೆಟ್ಟಗೆ ಪಾಸ್ಟರ ಮನೆಗೆ ಹೋದ. ಬಾಗಿಲು ಹಾಕಿಕೊಂಡು, ನಿಂತಲ್ಲೇ ನಿಂತು, ಎಲ್ಲ ಹೇಳಿದ. ಪಾಸ್ಟರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಒಳ್ಳೆಯ ಮನುಷ್ಯ, ಯಾರ ಮನಸ್ಸೂ ನೋಯಬಾರದು ಎಂಬುದೊಂದೇ ಅವರ ದೌರ್ಬಲ್ಯ.

"ತಪ್ಪೇ" ಎಂದರು. "ಆದ್ರೆ ಒಪ್ಕೊಂಡ್ರಲ್ಲ, ದೇವರು ಕ್ಷಮಿಸ್ತಾನೆ. ಇದನ್ನ ಮತ್ತೆ ಸಭೆ ಮುಂದೆ ಕೆದಕೋದು ಬೇಡ. ಎಷ್ಟೋ ಜನಕ್ಕೆ ನಿಮ್ಮ ಸಾಕ್ಷಿಯಿಂದ ಒಳ್ಳೇದಾಗಿದೆ. ಈಗ ಸುಳ್ಳು ಅಂದ್ರೆ ಅವರ ಗತಿ? ಮುಂದಿನ ಭಾನುವಾರ ನಿಮ್ಮನ್ನ ಹಿರಿಯರಾಗಿ ನೇಮಿಸೋದೂ ಇದೆ."

ಬೆನ್ನ ಮೇಲಿನ ಮೂಟೆ ಇಳಿಸಿದ ಹಾಗಾಯಿತು. ದಾರಿಯಲ್ಲಿ ಸಿಳ್ಳೆಯೂ ಬಂತು. ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡು, "ಪಾಸ್ಟರ ಹತ್ರ ಎಲ್ಲ ಹೇಳ್ಬಿಟ್ಟೆ ಕಣೇ" ಎಂದ.

"ಒಳ್ಳೇದು."

"ದೇವರು ಕ್ಷಮಿಸ್ತಾನೆ ಅಂದ್ರು."

"ಸರಿ. ಬೈಸ್ಕೊಂಡಿದ್ದು ದೇವರಾ, ಪಾಸ್ಟರಾ?"

ಅವನು ಬಟಾಣಿಯ ಸಿಪ್ಪೆಯೊಂದನ್ನು ತೆಗೆದುಕೊಂಡು ಚೂರು ಚೂರು ಮಾಡಿದ.

"ಬಾಗಿಲು ಹಾಕ್ಕೊಂಡು ಹೇಳಿದ್ರಾ?" ಎಂದು ಕೇಳಿದಳು.

"ಹೂಂ."

"ಸುಳ್ಳು ಹೇಳೋವಾಗ ಮೈಕ್ ಇತ್ತಲ್ಲ."

"ಹಾಗಂದ್ರೆ ಊರ ಮುಂದೆ ನನ್ನ ಮಾನ ಕಳೀಬೇಕು ಅಂತೀಯಾ?"

ಅವಳು ಬಟಾಣಿಯ ತಟ್ಟೆ ಬದಿಗಿಟ್ಟಳು. ದನಿ ಏರಿಸಲಿಲ್ಲ. "ನಂದು ಕಳೆದು ಆಯ್ತಲ್ಲ. ಆ ಅಜ್ಜಿ ನನಗೆ ಬುದ್ಧಿ ಹೇಳಿ ಹೋದ್ರು. ಅಂಗಡಿ ಬೀದೀಲಿ ಇಬ್ಬರು ಹೆಂಗಸರು ನನ್ನ ನೋಡಿ ಮಾತು ನಿಲ್ಸಿದ್ರು. ನಿಮ್ಮಕ್ಕ ನನ್ನ ಮನೆ ಮೇಜಿನ ಮುಂದೆ ಕೂತು ನನ್ನ ಬೈದ್ರು. ನೀವು ಕೂತು ಬ್ರೆಡ್ ತಿಂದ್ರಿ. ಹಿರಿಯರು ಆಗ್ತೀರಂತಲ್ಲ, ಆಗಿ. ನಾನು ಬೇಡ ಅನ್ನಲ್ಲ. ಆದ್ರೆ ಕ್ಷಮೆ ಸಿಕ್ತು ಅಂತ ಸಿಳ್ಳೆ ಹಾಕ್ಕೊಂಡು ನನ್ನ ಅಡುಗೆಮನೆಗೆ ಬರ್ಬೇಡಿ."

ಆ ವಾರವಿಡೀ ಅವನಿಗೆ ಊಟ ಸೇರಲಿಲ್ಲ. ಬಿಳಿ ಅಂಗಿಯೊಂದರ ಕಾಲರು ಸುಟ್ಟು ಗಿರಾಕಿಯ ಬಾಯಿಗೆ ಸಿಕ್ಕಿಕೊಂಡ. ಶನಿವಾರ ಅಕ್ಕ ಮತ್ತೆ ಬಂದಿಳಿದಳು, ತಮ್ಮ ಹಿರಿಯನಾಗುವುದನ್ನು ಕಣ್ಣಾರೆ ನೋಡಬೇಕೆಂದು ಹೊಸ ಚಪ್ಪಲಿ ಹಾಕಿಕೊಂಡು. ಭಾನುವಾರ ಬೆಳಿಗ್ಗೆ ಹೆಂಡತಿ, "ನೀವು ಹೋಗ್ಬನ್ನಿ, ನಾನು ಮಾವನ ಹತ್ರ ಇರ್ತೀನಿ" ಎಂದಳು.

"ನೀನು ಬರ್ಬೇಕು" ಎಂದ ಅವನು. ಅವನ ಮುಖ ನೋಡಿ ಮಗಳೇ, "ಹೋಗಮ್ಮ, ತಾತನ ಹತ್ರ ನಾನಿರ್ತೀನಿ" ಎಂದಳು.

ಪಾಸ್ಟರು ಹೆಸರು ಹಿಡಿದು ಕರೆದಾಗ ಅವನು ಎದ್ದು ಹೋಗಿ, ನೇಮಕದ ಪ್ರಾರ್ಥನೆಗೆ ಮಂಡಿಯೂರುವ ಬದಲು ಮೈಕಿನ ಹತ್ತಿರ ನಿಂತ. ಪಾಸ್ಟರ ಹುಬ್ಬು ಮೇಲೇರಿತು.

"ಆವತ್ತು ನಾನು ಹೇಳಿದ ಸಾಕ್ಷಿ ನಂದಲ್ಲ" ಎಂದ. "ಅಪ್ಪನ ಕಾಲು ತೊಳೆಯೋದು ನಾನಲ್ಲ. ನನ್ನ ಹೆಂಡತಿ."

ಕೂಡಲೇ ಹಾರ್ಮೋನಿಯಂ ಅಜ್ಜಿ, "ಸ್ತೋತ್ರ!" ಎಂದಳು. "ಎಂಥ ದೊಡ್ಡ ಗುಣ ನೋಡಿ! ತಾನು ಮಾಡಿದ್ದನ್ನೂ ಹೆಂಡತಿಗೆ ಬಿಟ್ಟುಕೊಡ್ತಾನೆ!" ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಪಾಸ್ಟರಿಗೆ ಹೋದ ಜೀವ ಬಂದಂತಾಗಿ, ಅವನ ಹೆಗಲ ಮೇಲೆ ಕೈಯಿಟ್ಟು, "ಇದಕ್ಕೇ ತಗ್ಗಿದ ಮನಸ್ಸು ಅನ್ನೋದು" ಎಂದರು.

ಅಲ್ಲಿಗೆ ಕೂತುಬಿಡಬಹುದಿತ್ತು. ಹೇಳಬೇಕಾದ್ದನ್ನು ಹೇಳಿದ್ದೂ ಆಗಿತ್ತು, ಮಾನ ಉಳಿದದ್ದೂ ಆಗಿತ್ತು. ಕಾಲು ಬೆಂಚಿನ ಕಡೆಗೆ ಎಳೆಯುತ್ತಿತ್ತು. ಕಿಟಕಿಯ ಪಕ್ಕ ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಅಲ್ಲ ಪಾಸ್ಟರೇ" ಎಂದು ಅವನು ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದ. "ಅಲ್ಲಜ್ಜಿ. ನಾನು ಸುಳ್ಳು ಹೇಳ್ದೆ. ನೀವು ಕಣ್ಣೀರು ಹಾಕಿದ್ರಿ, ಹಾಗಾಗಿ ಇನ್ನೂ ಹೇಳ್ದೆ. ನಾನು ಅಪ್ಪನ ಮೈ ಮುಟ್ಟಿದ್ದು ಒಂದೇ ಸಲ. ಅದೂ ಮೊನ್ನೆ. ಬಿಸಿನೀರಲ್ಲಿ ಸುಟ್ಟೆ. ವಾಸನೆ ತಡೀಲಾರದೆ ಕಿಟಕಿಗೆ ಓಡಿದೆ. ಅವರು ನನ್ನ ಕೈ ಬೇಡ ಅಂದ್ರು." ಮುಂದಿನದನ್ನು ಅವನು ನೆಲ ನೋಡುತ್ತ ಹೇಳಿದ. "ಅಪ್ಪನ ಚಾದರ ನನ್ನ ಅಂಗಡಿ ಮೆಷಿನ್ನಿಗೆ ಹಾಕೋಕೆ ಬಿಟ್ಟಿಲ್ಲ, ನೀವೆಲ್ಲ ಬರೋದು ನಿಲ್ಲಿಸ್ತೀರ ಅಂತ. ಇವಳು ಕೈಲಿ ಒಗೀತಾಳೆ. ನೀವು ಇವಳಿಗೆ ಬುದ್ಧಿ ಹೇಳೋವಾಗ ನಾನು ಬಚ್ಚಲಲ್ಲಿ ಅಡಗಿದ್ದೆ. ನಮ್ಮಕ್ಕ ಇವಳನ್ನ ಬೈಯೋವಾಗ ಎದುರಿಗೇ ಕೂತಿದ್ದೆ. ಬಾಯಿ ಬಿಡ್ಲಿಲ್ಲ. ಇಷ್ಟೇ. ಹಿರಿಯನಾಗೋಕೆ ನಾನು ಲಾಯಕ್ಕಲ್ಲ."

ಈ ಸಲ ಯಾರೂ ಸ್ತೋತ್ರ ಎನ್ನಲಿಲ್ಲ. ಎಲ್ಲೋ ಮಗುವೊಂದು ಕುಂಯ್‌ಗುಟ್ಟಿತು, ಮೈಕು ಗುಂಯ್ ಎನ್ನುತ್ತಿತ್ತು. ಅವನ ಕಡೆ ನೋಡುವುದೋ ಬೇಡವೋ ತಿಳಿಯದೆ ಜನ ಹಾಡಿನ ಪುಸ್ತಕ ತೆರೆದರು, ಮುಚ್ಚಿದರು. ಎದೆ ಹಗುರಾಗುತ್ತದೆ ಎಂದು ಕೇಳಿದ್ದ, ಏನೂ ಹಗುರಾಗಲಿಲ್ಲ. ಹೋಗಿ ಎಲ್ಲಕ್ಕಿಂತ ಹಿಂದಿನ ಬೆಂಚಿನಲ್ಲಿ ಕೂತ. ಪಾಸ್ಟರು ತಡವರಿಸಿಕೊಂಡು ಹಾಡು ಎತ್ತಿದರು. ಅಜ್ಜಿ ಹಾರ್ಮೋನಿಯಂನಲ್ಲಿ ತಪ್ಪು ಸ್ವರ ಒತ್ತಿದಳು.

ಬಾಗಿಲ ಹೊರಗೆ ಅಕ್ಕ ಹಿಡಿದುಕೊಂಡಳು. "ಮನೆ ಮಾನ ಮೈಕಲ್ಲಿ ಹರಾಜು ಹಾಕ್ದೆಯಲ್ಲೋ! ನನ್ನನ್ನ ಯಾಕೋ ಎಳೆದೆ ಮಧ್ಯದಲ್ಲಿ?" ಎಂದು ಹಲ್ಲು ಕಚ್ಚಿ ಹೇಳಿ, ಊಟಕ್ಕೂ ನಿಲ್ಲದೆ ಬಸ್ಸಿಗೆ ಹೊರಟುಬಿಟ್ಟಳು. ತಮ್ಮನ ಹೆಂಡತಿಗೆ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದು ಅವನು ಮೊದಲು ಅಪ್ಪನ ಕೋಣೆಗೆ ಹೋದ. "ಅಪ್ಪ, ನಿಮ್ಮ ವಿಷಯದಲ್ಲಿ ನಾನು ಸುಳ್ಳು ಹೇಳಿದ್ದೆ" ಎಂದ. ಮುದುಕ ಏನೋ ಗೊಣಗಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "'ಗೊತ್ತು' ಅಂತಿದಾರೆ" ಎಂದಳು. "ಲಕ್ವ ಹೊಡೆದಿರೋದು ಅವರ ಕಿವಿಗಲ್ಲ."

ಅವನು ಅವಳ ಕಡೆ ತಿರುಗಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಉದುರಿಹೋದವು. "ತಪ್ಪಾಯ್ತು" ಎಂದ.

ಅವಳು ಒಳಗೆ ಬಂದು ಮಾವನ ಹೊದಿಕೆ ಸರಿಮಾಡಿದಳು. "ಕ್ಷಮಿಸಿದೀನಿ ಅಂತ ಈಗ್ಲೇ ಹೇಳಿದ್ರೆ ಅದೂ ಸುಳ್ಳಾಗುತ್ತೆ. ಇನ್ನೂ ಸ್ವಲ್ಪ ದಿನ ಹೋಗ್ಲಿ" ಎಂದಳು. "ಬನ್ನಿ, ಊಟ ಆರುತ್ತೆ."

ಸಭೆಗೆ ಬೇರೆ ಹಿರಿಯರನ್ನು ಆರಿಸಿದರು. ಕೆಲವು ಗಿರಾಕಿಗಳು ಬರುವುದು ನಿಂತಿತು. ಒಬ್ಬರಂತೂ ತಮ್ಮ ಕೋಟು ಯಾವ ಮೆಷಿನ್ನಿಗೆ ಹಾಕುತ್ತೀ ಎಂದು ಮುಖದ ಮೇಲೇ ಕೇಳಿದರು. ಅಪ್ಪನ ಬಟ್ಟೆಗೆಂದೇ ಹಳೆಯದೊಂದು ಮೆಷಿನ್ನು ಬದಿಗಿಟ್ಟಿದ್ದ, ಅದನ್ನೇ ತೋರಿಸಿದ. ಹಾರ್ಮೋನಿಯಂ ಅಜ್ಜಿ ಒಂದು ಮಧ್ಯಾಹ್ನ ಬಂದು ಅಡುಗೆಮನೆಯಲ್ಲಿ ಕೂತು, ಏನೋ ಹೇಳಲು ಹೋಗಿ ಹೇಳಲಾರದೆ, ಹೋಗುವಾಗ ಅವನ ಹೆಂಡತಿಯ ಒರಟು ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಅವನು ಬೆಳಿಗ್ಗೆ ಹೆಂಡತಿಯ ಪಕ್ಕ ನಿಂತು ಕೆಲಸ ಕಲಿತ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು. ಬಲಹೀನ ಭುಜ ಹಿಡಿದು ಎಳೆಯಬಾರದು. ಒಂದೇ ಸಮನೆ ಹರಟುತ್ತಿದ್ದರೆ ಮುದುಕನಿಗೆ ನಾಚಿಕೆ ಮರೆಯುತ್ತದೆ. ಹರಟೆಯೊಂದು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಹಾಗಾಗಿ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಇರುತ್ತಿದ್ದ, ಅವನು ಬಾಯಿಮುಚ್ಚಿಕೊಂಡೇ ಒರೆಸುತ್ತಿದ್ದ.

ಹೀಗೇ ವಾರಗಳು ಹೋದವು. ಅಂಗಡಿಗೆ ರಜೆಯಿದ್ದ ಒಂದು ದಿನ ಮಗಳು, ಬೂಟು ಕೊಳ್ಳಬೇಕೆಂದು ತಾಯಿಯನ್ನು ಹೊರಡಿಸಿದಳು. ಹೆಂಡತಿ ಬಾಗಿಲಲ್ಲಿ ಎರಡು ಸಲ ಹಿಂದೆ ತಿರುಗಿ ನೋಡಿ, "ಒಬ್ರೇ ಇರ್ತೀರಾ?" ಎಂದು ಕೇಳಿ ಹೋದಳು.

ಅವರು ಬೀದಿ ತಿರುಗುವಷ್ಟರಲ್ಲಿ ಅಪ್ಪ ಕೂಗಿದ. ಹೋಗಿ ನೋಡಿದರೆ ಚಾದರ, ಅಂಗಿ, ಎಲ್ಲ ನೆನೆದಿತ್ತು. ಅವನು ನೀರು ಕಾಯಿಸಿದ, ಮೊಣಕೈ ಅದ್ದಿ ನೋಡಿದ, ಹೊರಳಿಸಿದ, ಒರೆಸಿದ. ವಾಸನೆ ಈಗಲೂ ಮುಖಕ್ಕೆ ಬಡಿಯುತ್ತಿತ್ತು; ಉಸಿರು ಬಿಗಿಹಿಡಿದು ಮುಂದುವರಿಸಿದ. ಹೊಸ ಚಾದರ ಹಾಸಲು ಅಪ್ಪನನ್ನು ಎತ್ತಬೇಕಾದಾಗ, ಮುದುಕ ಗೋಡೆಯ ಕಡೆಯಿಂದ ಮುಖ ತಿರುಗಿಸಿ, ಆಡುವ ಕೈಯನ್ನು ಮಗನ ಕುತ್ತಿಗೆಗೆ ಹಾಕಿ ಜೋತುಬಿದ್ದ. ಗಂಡಸಿನ ತೂಕ; ಇಷ್ಟು ಕರಗಿದ ಮೇಲೂ ಭಾರವಾಗಿತ್ತು. ಇಬ್ಬರೂ ಏದುಸಿರು ಬಿಡುತ್ತ ಒಂದು ಗಳಿಗೆ ಹಾಗೇ ಇದ್ದರು.

ಹೊತ್ತು ಇಳಿಯುವಾಗ ಹೆಂಡತಿ ಮಗಳು ಬಂದರು.

"ಮಾವ ಹೇಗಿದ್ರು? ಏನಾದ್ರೂ ಆಯ್ತಾ?"

"ಏನಿಲ್ಲ" ಎಂದ ಅವನು, ಪತ್ರಿಕೆಯಿಂದ ತಲೆಯೆತ್ತದೆ. "ಗಂಜಿ ಕುಡಿದು ಮಲಗಿದಾರೆ."

ಅವಳು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬಂದು ಅವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಿಲ್ಲ ಅಂದ್ರೆ, ತಂತಿ ಮೇಲೆ ತೊಟ್ಟಿಕ್ತಿರೋದೇನು? ಚಾದರ, ಅಂಗಿ, ಎರಡೆರಡು ಬಟ್ಟೆ?"

"ಅದು... ಒಂದ್ಸಲ ಬದಲಾಯಿಸ್ಬೇಕಾಯ್ತು." ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಅವನ ಮುಖ ಕೆಂಪಾಯಿತು. "ಅದನ್ನೇನು ಹೇಳೋದು ಅಂತ..."

ಅವಳು ಅವನನ್ನೇ ನೋಡಿದಳು. ತುಟಿಯ ಮೂಲೆ ಅದುರಿತು. ಎಷ್ಟೋ ದಿನಗಳ ಮೇಲೆ, ತಡೆಯಲಾರದೆ, ನಕ್ಕುಬಿಟ್ಟಳು.

"ನಿಮ್ಮನ್ನ ಏನ್ಮಾಡ್ಲಿ ಹೇಳಿ! ಮಾಡದ್ದನ್ನ ಊರಿಗೆಲ್ಲ ಹೇಳಿದ್ರಿ, ಮಾಡಿದ್ದನ್ನ ಹೆಂಡತಿ ಹತ್ರನೂ ಮುಚ್ಚಿಡ್ತೀರಲ್ಲ!"

ನಗುತ್ತಲೇ ಮಾವನ ಕೋಣೆಗೆ ಹೋಗಿ, ಅಲ್ಲಿಂದಲೇ ಕೂಗಿದಳು: "ಬನ್ನಿ ಇಲ್ಲಿ. ಈ ಕಡೆ ಚಾದರ ಸುಕ್ಕಾಗಿದೆ, ಬೆನ್ನಿಗೆ ಒತ್ತುತ್ತೆ. ಅವರನ್ನ ಎಬ್ಬಿಸ್ದೆ ಮೆಲ್ಲಗೆ ಎಳೀಬೇಕು. ನೀವು ಆ ತುದಿ ಹಿಡೀರಿ."

ಅವನು ಪತ್ರಿಕೆ ಮಡಚಿಟ್ಟು ಹೋಗಿ, ಆ ತುದಿ ಹಿಡಿದ.